300ರ ಪ್ಲಾನ್ ಇದ್ದರೂ ಕೇಬಲ್‌ನಲ್ಲಿ ಬರೋದು 94: ರೂಟರ್ ಬದಲಿಸಬೇಕಾ?

ಕೇಳಿದ್ದು, ದಾವಣಗೆರೆಯಿಂದ: ನಮ್ಮದು ಫೈಬರ್ ಲೈನ್, 300 ಎಂಬಿಪಿಎಸ್ ಪ್ಲಾನ್. ಲೈನಿನವರು ಕೊಟ್ಟ ಫೈಬರ್ ಡಬ್ಬಿ ಹಾಲ್‌ನಲ್ಲಿದೆ. ಅಲ್ಲಿಂದ ಲ್ಯಾನ್ ಕೇಬಲ್ ಎಳೆದು ಮಹಡಿಯ ಹಳೇ ಟಿಪಿ-ಲಿಂಕ್ ಆರ್ಚರ್ ಸಿ20 ರೂಟರ್‌ಗೆ ಕೊಟ್ಟಿದ್ದೇವೆ. ಅದರಿಂದ ಡೆಸ್ಕ್‌ಟಾಪ್‌ಗೆ ಇನ್ನೊಂದು ಕೇಬಲ್. ಯಾವಾಗ ಟೆಸ್ಟ್ ಮಾಡಿದರೂ 94. ಕೆಳಗೆ ಡಬ್ಬಿಯ ವೈಫೈ ಹಿಡಿದರೆ ಫೋನ್‌ನಲ್ಲೇ 200 ದಾಟುತ್ತದೆ. ಮಗಳ ವಿಡಿಯೊ ಎಡಿಟಿಂಗ್ ಪೂರ್ತಿ ಡೆಸ್ಕ್‌ಟಾಪ್ ಮೇಲೆ ನಡೆಯೋದು. ರೂಟರ್ ಬದಲಿಸಿದವರು ಅನುಭವ ಹೇಳಿ.

ಮೈಸೂರಿನಿಂದ: 94 ಅನ್ನುವ ಅಂಕಿಯಲ್ಲೇ ಅರ್ಧ ಉತ್ತರ ಇದೆ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಪ್ಯಾಕೆಟ್‌ಗಳ ಮೇಲ್ಖರ್ಚು ಕಳೆದು ಕೈಗೆ ಸಿಗೋದು 94, 95 ಅಷ್ಟೇ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಪೋರ್ಟ್ ಆದರೆ 940ರ ಆಸುಪಾಸು. ಲೈನ್ ಸರಿಯಿಲ್ಲ ಅಂದರೆ ಅಂಕಿ ಹೊತ್ತಿಗೊಂದು ಥರ ಇರುತ್ತದೆ. ಹೀಗೆ ಒಂದೇ ಕಡೆ ನಿಂತಿದೆ ಅಂದರೆ ದಾರಿಯಲ್ಲಿ ಎಲ್ಲೋ 100ರ ಪೋರ್ಟ್ ಅಥವಾ ಕೇಬಲ್ ಇದೆ. ನಿಮ್ಮ ಸಿ20ರಲ್ಲಿ ಎಲ್ಲ ಪೋರ್ಟ್‌ಗಳೂ 100ರವೇ, ಇಂಟರ್ನೆಟ್ ಒಳಗೆ ಬರುವ ವ್ಯಾನ್ ಪೋರ್ಟ್ ಕೂಡ. ಅದು ನಡುವೆ ಇರುವ ತನಕ ಡೆಸ್ಕ್‌ಟಾಪ್‌ಗೆ ಇದಕ್ಕಿಂತ ಜಾಸ್ತಿ ಬರೋದಿಲ್ಲ.

ಹೊಸದು ಕೊಳ್ಳುವುದಾದರೆ ಪೆಟ್ಟಿಗೆ ಮೇಲಿನ ಎಸಿ1200 ನೋಡಿ ತೀರ್ಮಾನ ಮಾಡಬೇಡಿ. ಅದು ವೈಫೈನ ಎರಡು ಬ್ಯಾಂಡ್‌ನ ವೇಗ ಕೂಡಿಸಿದ ಲೆಕ್ಕ, ಕೇಬಲ್‌ಗೆ ಸಂಬಂಧವೇ ಇಲ್ಲ. ಆರ್ಚರ್ ಸಿ50, ಸಿ6 ಎರಡೂ ಎಸಿ1200. ಆದರೆ ಸಿ50ರ ಪೋರ್ಟ್ 100ರದು, ಸಿ6ರದು ಗಿಗಾಬಿಟ್. ಅಂಗಡಿಯಲ್ಲಿ ಒಂದೇ ಮಾತು ಕೇಳಿ: ವ್ಯಾನ್, ಲ್ಯಾನ್ ಎರಡೂ 10/100/1000 ಇದೆಯಾ?

ಹುಬ್ಬಳ್ಳಿಯಿಂದ: ರೂಟರ್‌ಗೆ ದುಡ್ಡು ಹಾಕುವ ಮೊದಲು ಕೇಬಲ್ ನೋಡ್ರಿ. ನಮ್ಮಲ್ಲಿ ಗಿಗಾಬಿಟ್ ರೂಟರ್ ಬಂದ ಮೇಲೂ 94 ಅಲುಗಲಿಲ್ಲ. ಪ್ಲಗ್ ಬೆಳಕಿಗೆ ಹಿಡಿದು ನೋಡಿದರೆ ಎಂಟರಲ್ಲಿ ನಾಲ್ಕೇ ತಂತಿ ಕ್ರಿಂಪ್ ಮಾಡಿದ್ದರು, ಅಂದರೆ ಪ್ಲಗ್‌ಗೆ ಒತ್ತಿ ಕೂರಿಸಿದ್ದರು. 100ಕ್ಕೆ 1, 2, 3, 6ನೇ ಪಿನ್ ಸಾಕು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಉಳಿದ ನಾಲ್ಕರಲ್ಲಿ ಒಂದು ಜೋಡಿ ಕಡಿದರೂ ಲಿಂಕ್ ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ, ನೆಟ್ ಮಾತ್ರ ನಡೆಯುತ್ತಲೇ ಇರುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರೋದಿಲ್ಲ. ಎರಡೂ ತುದಿ ಹೊಸದಾಗಿ ಕ್ರಿಂಪ್ ಮಾಡಿಸಿದ್ದೇ ಸರಿಹೋಯಿತು.

ವಿಂಡೋಸ್‌ನ ಈಥರ್ನೆಟ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ಅಂತ ಇರುತ್ತದೆ. 100/100 ಇದೆಯಾ, 1000/1000 ಇದೆಯಾ ನೋಡಿ. ಅದು ಹೇಳೋದು ಡೆಸ್ಕ್‌ಟಾಪ್‌ಗೆ ಹತ್ತಿದ ಕೇಬಲ್‌ನ ಕಥೆ ಮಾತ್ರ, ಹಿಂದಿನದು ಗೊತ್ತಾಗೋದಿಲ್ಲ. ಲ್ಯಾಪ್‌ಟಾಪ್ ಇದ್ದರೆ ಫೈಬರ್ ಡಬ್ಬಿಗೇ ನೇರ ಹಾಕಿ ಟೆಸ್ಟ್ ಮಾಡಿ.

ದಾವಣಗೆರೆ: ಮಾಡಿದೆ. ಡಬ್ಬಿಯ ಒಂದು ಪೋರ್ಟ್‌ನಲ್ಲಿ 290 ಬಂತು! ಈಗ ಮಹಡಿಗೆ ಹೋಗುವ ಕೇಬಲ್ ಹಾಕಿರುವ ಪೋರ್ಟ್‌ನಲ್ಲಿ ಮಾತ್ರ 94. ಹೀಗೂ ಇರುತ್ತದಾ?

ಮೈಸೂರಿನಿಂದ: ಇರುತ್ತದೆ. ಕೆಲವು ಡಬ್ಬಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100. ಹಿಂದೆ ಜಿಇ (ಗಿಗಾಬಿಟ್), ಎಫ್‌ಇ (100ರದು) ಅಂತ ಬರೆದಿದ್ದರೆ ಜಿಇ ಹಿಡಿಯಿರಿ.

ಶಿರಸಿಯಿಂದ: ಹಾಗಾದರೆ ನಿಮಗೆ ಹೊಸ ರೂಟರೇ ಬೇಕಿಲ್ಲ ಅನಿಸುತ್ತದೆ. ಇಂಟರ್ನೆಟ್ ಲಾಗಿನ್ ಡಬ್ಬಿಯಲ್ಲೇ ಆಗುತ್ತದೆ ಅನ್ನೋದಕ್ಕೆ ಲ್ಯಾಪ್‌ಟಾಪ್ ನೇರ ಓಡಿದ್ದೇ ಸಾಕ್ಷಿ. ಮಹಡಿಯಲ್ಲಿ ಐದು ಪೋರ್ಟ್‌ನ ಗಿಗಾಬಿಟ್ ಸ್ವಿಚ್ ಇಡಿ, ಅಂದರೆ ಒಂದು ಕೇಬಲ್‌ನ ನೆಟ್ ಹಲವು ಕೇಬಲ್‌ಗೆ ಹಂಚುವ ಪುಟ್ಟ ಪೆಟ್ಟಿಗೆ. ಕೆಳಗಿನ ಕೇಬಲ್ ಸ್ವಿಚ್‌ಗೆ, ಅಲ್ಲಿಂದ ಒಂದು ಡೆಸ್ಕ್‌ಟಾಪ್‌ಗೆ, ಇನ್ನೊಂದು ಸಿ20ಗೆ. ಸಿ20 ಮೇಲಿನ ವೈಫೈಗೆ ಇರಲಿ, ಒಳ್ಳೆಯ ಸಾಮಾನು ಸುಮ್ನೆ ಎಸೆಯಬೇಡಿ. ಸ್ವಿಚ್‌ಗೆ ಸೆಟ್ಟಿಂಗ್ ಏನೂ ಇರೋದಿಲ್ಲ, ಬೆಲೆಯೂ ಹೊಸ ರೂಟರ್‌ಗಿಂತ ಕಡಿಮೆ. ಡಬ್ಬಿ ಬ್ರಿಡ್ಜ್ ಮೋಡ್‌ನಲ್ಲಿದ್ದು (ತಾನು ಲಾಗಿನ್ ಮಾಡದೆ ಲೈನ್ ಮುಂದಕ್ಕೆ ದಾಟಿಸುತ್ತಾ) ರೂಟರೇ ಲಾಗಿನ್ ಮಾಡುವ ಮನೆಗಳಲ್ಲಿ ಈ ಉಪಾಯ ನಡೆಯೋದಿಲ್ಲ. ಅಲ್ಲಿ ಗಿಗಾಬಿಟ್ ರೂಟರೇ ಬೇಕು.

ದಾವಣಗೆರೆ: ಸ್ವಿಚ್ ತರಿಸುತ್ತೇನೆ. ಗೋಡೆಯೊಳಗಿನ ಕೇಬಲ್ ಮೇಲೆ ಕ್ಯಾಟ್5ಇ ಅಂತ ಇದೆ. ಅದಕ್ಕಿಂತ ಮೇಲಿನ ದರ್ಜೆಯ ಕ್ಯಾಟ್6 ಕೇಬಲ್ ಎಳೆಸಬೇಕಾ?

ಹುಬ್ಬಳ್ಳಿಯಿಂದ: ಬೇಡ. ಕ್ಯಾಟ್5ಇ 100 ಮೀಟರ್ ತನಕ ಗಿಗಾಬಿಟ್ ಒಯ್ಯುತ್ತದೆ. ಗೋಡೆ ಒಡೆಸಬೇಡಿ, ಎರಡೂ ತುದಿಯಲ್ಲಿ ಎಂಟು ತಂತಿ ಇದೆಯಾ ನೋಡಿ.