ಬ್ರಯಾನ್ ಮೇ ಅವರ ರೆಡ್ ಸ್ಪೆಷಲ್ ಗಿಟಾರಿನ ಹಾರ್ಡ್‌ವೇರ್: ಹೊಸದಾಗಿ ಕಟ್ಟಿಸುವ ಗಿಟಾರಿಗೆ ಯಾವುದನ್ನು ತೆಗೆದುಕೊಳ್ಳಬೇಕು?

ಪ್ರಶ್ನೆ: ವೇದಿಕೆ ವಾದಕ

ನಾನು ವೃತ್ತಿಯಿಂದ ಎಲೆಕ್ಟ್ರಿಕ್ ಗಿಟಾರ್ ವಾದಕ. ಒಬ್ಬ ತಯಾರಕರು ನನಗಾಗಿ ಗಿಟಾರೊಂದನ್ನು ಕಟ್ಟಿಕೊಡುತ್ತಿದ್ದಾರೆ. ಮರ, ಬಾಡಿಯ ಆಕಾರ ಮತ್ತು ನೆಕ್ಕಿನ ದಪ್ಪ ತೀರ್ಮಾನವಾಗಿವೆ. ತಂತಿಗಳನ್ನು ಬಾಡಿಯ ಕಡೆ ಹೊರುವ ಬ್ರಿಡ್ಜ್, ನೆಕ್ಕಿನ ತುದಿಯಲ್ಲಿ ಹೊರುವ ನಟ್, ಬಿಗಿಸುವ ಟ್ಯೂನರ್, ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್ ಮತ್ತು ಸ್ವಿಚ್‌ಗಳು ಮಾತ್ರ ಉಳಿದಿವೆ. ಇವುಗಳ ಅಳತೆ ಸಿಗದೆ ಬಾಡಿಯಲ್ಲಿ ಕುಳಿ ಕೊರೆಯಲು ಆಗುವುದಿಲ್ಲವಾದ್ದರಿಂದ ಅವರು ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಾರೆ.

ನನ್ನ ಮನಸ್ಸಿನಲ್ಲಿರುವ ಮಾದರಿ ಕ್ವೀನ್ ತಂಡದ ಬ್ರಯಾನ್ ಮೇ ಅವರ ರೆಡ್ ಸ್ಪೆಷಲ್. 1963ರಲ್ಲಿ ಅವರು ಮತ್ತು ಅವರ ತಂದೆ ಹೆರಾಲ್ಡ್ ಮೇ ಮನೆಯಲ್ಲೇ ಕಟ್ಟಲು ತೊಡಗಿದ ಈ ಗಿಟಾರಿನ ಟ್ರೆಮೊಲೊ (ಹಿಡಿಯೊಂದರಿಂದ ಎಲ್ಲ ತಂತಿಗಳ ಶ್ರುತಿಯನ್ನೂ ಒಟ್ಟಿಗೆ ಏರಿಳಿಸುವ ಭಾಗ) ಚೂರಿಯಂಚಿನಂಥ ಉಕ್ಕಿನ ಅಂಚಿನ ಮೇಲೆ ತೂಗುತ್ತದೆ, ತಂತಿಗಳ ಎಳೆತಕ್ಕೆ ಎದುರಾಗಿ 1928ರ ಪ್ಯಾಂಥರ್ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ನಿಂತಿವೆ, ಮೂರೂ ಪಿಕಪ್‌ಗಳಿಗೆ ಬೇರೆ ಬೇರೆ ಸ್ವಿಚ್‌ಗಳಿವೆ ಎಂಬುದನ್ನು ಬಲ್ಲೆ. ಅದನ್ನು ನಕಲು ಮಾಡುವ ಆಸೆ ನನಗಿಲ್ಲ. ಎರಡು ಗಂಟೆ ನುಡಿಸಿದರೂ ಶ್ರುತಿ ಕದಲದ ಟ್ರೆಮೊಲೊ ಮತ್ತು ಒಂದೇ ಗಿಟಾರಿನಲ್ಲಿ ನಿಜವಾಗಿ ಬೇರೆಬೇರೆಯಾಗಿ ಕೇಳುವ ನಾಲ್ಕೈದು ನಾದಗಳು ನನಗೆ ಬೇಕು. ಹಾಗಿದ್ದರೆ ಆ ವಿನ್ಯಾಸದಲ್ಲಿ ಇಂದಿಗೂ ಕೆಲಸಕ್ಕೆ ಬರುವುದು ಯಾವುದು, ಅಂದಿನ ಸಾಮಗ್ರಿಯ ಕೊರತೆಯಿಂದ ಹುಟ್ಟಿದ್ದು ಯಾವುದು? ಅಥವಾ ಎರಡೂ ತುದಿಯಲ್ಲಿ ತಂತಿಯನ್ನು ಬಿಗಿಹಿಡಿಯುವ ಫ್ಲಾಯ್ಡ್ ರೋಸ್ ಮಾದರಿಯ ಟ್ರೆಮೊಲೊವನ್ನೇ ಹಾಕಿಸುವುದು ಜಾಣತನವೇ?

ಉತ್ತರ 1: ಮರ ಮತ್ತು ಉಕ್ಕು

ನಾನು ಗಿಟಾರ್ ಕಟ್ಟುವವನು. ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ತುಸು ವಿಸ್ತಾರವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ರೆಡ್ ಸ್ಪೆಷಲ್ ಬಗ್ಗೆ ಮಾತನಾಡುವವರು ಮೋಟಾರ್ ಸೈಕಲ್ಲಿನ ಸ್ಪ್ರಿಂಗು, ಟ್ರೆಮೊಲೊ ಹಿಡಿಯ ತುದಿಗೆ ಸಿಕ್ಕಿಸಿದ ಹೆಣಿಗೆ ಕಡ್ಡಿ, ಬೆಂಕಿಗೂಡಿನ ಹಳೆಯ ಮಹಾಗನಿ ಮರ ಇವುಗಳಲ್ಲೇ ಮೈಮರೆತು, ಆ ಗಿಟಾರಿನ ಶ್ರುತಿ ನಿಲ್ಲುವುದಕ್ಕೆ ನಿಜವಾದ ಕಾರಣವನ್ನು ಬಿಟ್ಟುಬಿಡುತ್ತಾರೆ.

ಟ್ರೆಮೊಲೊ ಹಿಡಿಯನ್ನು ಒತ್ತಿದಾಗ ತಂತಿ ಸಡಿಲವಾಗಿ, ನಟ್ಟಿನ ಮೇಲೂ ಬ್ರಿಡ್ಜಿನ ಮೇಲೂ ಕೂದಲೆಳೆಯಷ್ಟು ಜಾರುತ್ತದೆ. ಹಿಡಿಯನ್ನು ಬಿಟ್ಟಾಗ ಅದೇ ಜಾಗಕ್ಕೆ ಮರಳಿದರೆ ಶ್ರುತಿ ನಿಲ್ಲುತ್ತದೆ. ಘರ್ಷಣೆಯಿಂದ ಎಲ್ಲಾದರೂ ಸಿಕ್ಕಿಕೊಂಡರೆ ತಪ್ಪುತ್ತದೆ. ತಂದೆ ಮಗ ಇಬ್ಬರೂ ಈ ಸಮಸ್ಯೆಯನ್ನು ಒಂದು ಕಡೆ ಬಗೆಹರಿಸಿ ಸುಮ್ಮನಾಗಲಿಲ್ಲ, ತಂತಿ ತಾಗುವ ಪ್ರತಿಯೊಂದು ಜಾಗದಲ್ಲೂ ಬಗೆಹರಿಸಿದರು. ನಟ್ಟಿನ ಮುಂದೆ ಶೂನ್ಯ ಫ್ರೆಟ್, ಅಂದರೆ ನೆಕ್ಕಿನ ಮೇಲಿನ ಲೋಹದ ಅಡ್ಡಪಟ್ಟಿಗಳಂಥ (ಫ್ರೆಟ್) ಇನ್ನೊಂದನ್ನು, ಇಟ್ಟಿದ್ದರಿಂದ ತಂತಿಯ ಭಾರವನ್ನು ಹೊರುವುದು ಆ ಫ್ರೆಟ್. ನಟ್ಟಿಗೆ ತಂತಿಗಳನ್ನು ಅಂತರದಲ್ಲಿ ಹಿಡಿದಿಡುವ ಕೆಲಸವಷ್ಟೇ ಉಳಿಯಿತು. ಬ್ರಿಡ್ಜಿನಲ್ಲಿ ಪ್ರತಿ ತಂತಿಯ ಕೆಳಗೂ ಉರುಳುವ ಪುಟ್ಟ ರೋಲರ್ ಇದೆ. ಆ ಬ್ರಿಡ್ಜ್ ಬಾಡಿಗೆ ಕಚ್ಚಿಕೊಂಡು ನಿಂತಿದ್ದು, ತೂಗುವುದು ಅದರ ಹಿಂದಿರುವ ಬೇರೊಂದು ಭಾಗ. ಆದ್ದರಿಂದ ಹಿಡಿ ಆಡಿಸಿದಾಗ ಫ್ರೆಟ್‌ಗಳ ಮೇಲೆ ತಂತಿಯ ಎತ್ತರ ಬದಲಾಗುವುದಿಲ್ಲ. ಚೂರಿಯಂಚಿನ ಆಧಾರದಲ್ಲಂತೂ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ.

ಇವುಗಳಲ್ಲಿ ಒಂದನ್ನು ಕೈಬಿಟ್ಟರೂ ಉಳಿದವುಗಳ ಶ್ರಮ ವ್ಯರ್ಥವಾಗುತ್ತದೆ. ನುಣುಪಾದ ದುಬಾರಿ ಟ್ರೆಮೊಲೊ ಹಾಕಿಸಿ, ನಟ್ಟಿನ ಸೀಳನ್ನು ಒರಟಾಗಿ ಬಿಟ್ಟ ಗಿಟಾರ್‌ಗಳು ರಿಪೇರಿಗೆಂದು ನನ್ನ ಮೇಜಿಗೆ ಆಗಾಗ ಬರುತ್ತವೆ. ದೋಷ ನಟ್ಟಿನಲ್ಲಿರುತ್ತದೆ, ದೂರು ಮಾತ್ರ ಟ್ರೆಮೊಲೊ ಮೇಲೆ.

ಇನ್ನು ಕೊರತೆಯಿಂದ ಹುಟ್ಟಿದ್ದು ಯಾವುದೆಂದು ಕೇಳಿದ್ದೀರಿ. ವಾಲ್ವ್ ಸ್ಪ್ರಿಂಗು ಕೈಗೆ ಸಿಕ್ಕಿದ ಸಾಮಗ್ರಿ, ಅದನ್ನೇ ಹುಡುಕಿ ಹೊರಡಬೇಕಾಗಿಲ್ಲ. ಶೂನ್ಯ ಫ್ರೆಟ್ ಮತ್ತು ರೋಲರ್ ಮಾತ್ರ ಸ್ಪಷ್ಟವಾದ ಎಂಜಿನಿಯರಿಂಗ್ ತೀರ್ಮಾನಗಳು, ಅವನ್ನು ತೆಗೆದುಕೊಳ್ಳಿ. ಶೂನ್ಯ ಫ್ರೆಟ್ಟಿನ ಮೇಲೆ ತಂತಿ ಸದಾ ಒತ್ತಿರುವುದರಿಂದ ಅದು ಉಳಿದವುಗಳಿಗಿಂತ ಬೇಗ ಸವೆಯುತ್ತದೆ. ಅದೊಂದನ್ನಾದರೂ ಸ್ಟೇನ್‌ಲೆಸ್ ಸ್ಟೀಲಿನದು ಹಾಕಿಸಿ. ಚೂರಿಯಂಚಿನ ಟ್ರೆಮೊಲೊವನ್ನೇ ಆರಿಸುವುದಾದರೆ ಅಂಚೂ ಅದು ಒರಗುವ ಕಂಬಗಳೂ ಗಟ್ಟಿಗೊಳಿಸಿದ ಉಕ್ಕಿನವಾಗಿರಲಿ. ಮೃದುವಾದ ಎರಕದ ಲೋಹದಲ್ಲಿ ಅಂಚು ಕಾಲಕ್ರಮದಲ್ಲಿ ಮೊಂಡಾಗುತ್ತದೆ, ಆಮೇಲೆ ಎಷ್ಟು ಎಣ್ಣೆ ಹಾಕಿದರೂ ಟ್ರೆಮೊಲೊ ತನ್ನ ಜಾಗಕ್ಕೆ ಸರಿಯಾಗಿ ಮರಳುವುದಿಲ್ಲ.

ರೆಡ್ ಸ್ಪೆಷಲ್‌ನಲ್ಲಿ ಶೂನ್ಯ ಫ್ರೆಟ್ಟಿನಿಂದ ಬ್ರಿಡ್ಜಿನವರೆಗಿನ ತಂತಿಯ ಉದ್ದ 24 ಇಂಚು. ಸಾಮಾನ್ಯವಾದ 25.5 ಇಂಚಿಗೆ ಹೋಲಿಸಿದರೆ, ಅದೇ ತಂತಿ ಅದೇ ಶ್ರುತಿಯಲ್ಲಿ ಸುಮಾರು ಶೇಕಡಾ 11ರಷ್ಟು ಕಡಿಮೆ ಎಳೆತದಲ್ಲಿರುತ್ತದೆ. ಬೆಂಡ್ ಮಾಡುವಾಗ, ಅಂದರೆ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸುವಾಗ, ಬೆರಳಿಗೆ ಸಿಗುವ ಆ ಮೆತುವಿಗೆ ಇದೂ ಒಂದು ಕಾರಣ. ನಿಮ್ಮ ಗಿಟಾರಿನಲ್ಲಿ ಈ ಉದ್ದ ಎಷ್ಟೆಂದು ತಿಳಿಸಿದರೆ ಸ್ಪ್ರಿಂಗುಗಳ ಬಗ್ಗೆ ಹೇಳಬಲ್ಲೆ.

ಉತ್ತರ 2: ತಾಮ್ರದ ಸುರುಳಿ

ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ನಾನು ಪಿಕಪ್ ಮತ್ತು ವೈರಿಂಗ್ ಬಗ್ಗೆ ಮಾತ್ರ ಬರೆಯುತ್ತೇನೆ.

ಬ್ರಯಾನ್ ಮೇ ಮೊದಲು ಪಿಕಪ್‌ಗಳನ್ನೂ ತಾವೇ ತಯಾರಿಸಿದ್ದರು. ತಂತಿಯನ್ನು ಅಡ್ಡಕ್ಕೆ ಎಳೆದಾಗ ಅವುಗಳಿಂದ ಬೇಡದ ಸದ್ದು ಬರುತ್ತಿತ್ತು, ಏಕೆಂದರೆ ಅಕ್ಕಪಕ್ಕದ ಅಯಸ್ಕಾಂತಗಳ ಧ್ರುವಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಆಮೇಲೆ ಬರ್ನ್ಸ್ ಕಂಪನಿಯ ಮೂರು ಟ್ರೈ-ಸೋನಿಕ್ ಪಿಕಪ್‌ಗಳನ್ನು ತಂದು, ಸುರುಳಿಗಳು ಕಂಪಿಸಿ ಕೀರಲು ಸದ್ದು ಮಾಡದಂತೆ ಅವುಗಳೊಳಗೆ ಆರಾಲ್ಡೈಟ್ ಅಂಟು ತುಂಬಿದರು. ಅತಿ ಜೋರಾದ ಆಂಪ್ಲಿಫೈಯರ್ ಮುಂದೆ ನಿಂತು ನುಡಿಸುವವರಿಗೆ ಇದು ಸಣ್ಣ ವಿಷಯವಲ್ಲ. ನೀವು ಆರಿಸುವ ಪಿಕಪ್‌ಗಳಲ್ಲಿ ಸುರುಳಿಗಳನ್ನು ಮೇಣದಲ್ಲಾದರೂ ಅದ್ದಿ ಗಟ್ಟಿಮಾಡಿದ್ದಾರೆಯೇ ಎಂದು ತಪ್ಪದೆ ಕೇಳಿ.

ಆ ಗಿಟಾರಿನಲ್ಲಿ ಪಿಕಪ್‌ಗಳು ಸೀರೀಸ್‌ನಲ್ಲಿವೆ, ಅಂದರೆ ಒಂದರ ಸಿಗ್ನಲ್ ಇನ್ನೊಂದರೊಳಗೆ ಹಾದು ಬರುತ್ತದೆ. ಮೂರು ಪಿಕಪ್‌ಗಳ ಹೆಚ್ಚಿನ ಗಿಟಾರ್‌ಗಳಲ್ಲಿ ಎರಡನ್ನು ಒಟ್ಟಿಗೆ ಆರಿಸಿದಾಗ ಅವು ಪ್ಯಾರಲಲ್‌ನಲ್ಲಿ, ಅಂದರೆ ಅಕ್ಕಪಕ್ಕದ ಎರಡು ದಾರಿಗಳಂತೆ, ಸೇರಿ ತೆಳುವಾದ, ಹೊಳಪಿನ ನಾದ ಕೊಡುತ್ತವೆ. ಸೀರೀಸ್‌ನಲ್ಲಿ ಇಂಡಕ್ಟೆನ್ಸ್ (ಸಿಗ್ನಲ್ಲಿನ ಬದಲಾವಣೆಗೆ ಸುರುಳಿ ಒಡ್ಡುವ ತಡೆ) ಕೂಡಿಕೊಳ್ಳುವುದರಿಂದ ನಾದ ದಪ್ಪವಾಗುತ್ತದೆ, ಜೋರೂ ಆಗುತ್ತದೆ. ಪ್ರತಿ ಪಿಕಪ್ಪಿಗೂ ಆನ್-ಆಫ್ ಸ್ವಿಚ್ ಒಂದು, ಫೇಸ್, ಅಂದರೆ ಸಿಗ್ನಲ್ಲಿನ ಧನ-ಋಣ ದಿಕ್ಕು, ತಿರುಗಿಸುವ ಸ್ವಿಚ್ ಒಂದು, ಹೀಗೆ ಒಟ್ಟು ಆರು. ಎರಡು ಪಿಕಪ್‌ಗಳ ಫೇಸ್ ಪರಸ್ಪರ ವಿರುದ್ಧವಾದಾಗ ಕೆಳಗಿನ ಸ್ವರಾಂಶಗಳು ಒಂದನ್ನೊಂದು ಕಳೆದುಕೊಂಡು, ಮೂಗಿನಿಂದ ಬಂದಂಥ ಹರಿತವಾದ ನಾದ ಉಳಿಯುತ್ತದೆ.

ಲೆಕ್ಕ ಹಾಕಿದರೆ ಈ ಆರು ಸ್ವಿಚ್‌ಗಳಿಂದ 13 ಭಿನ್ನ ನಾದಗಳು ಸಿಗುತ್ತವೆ. ನಿಮಗೆ ಬೇಕಾಗಿರುವುದು ನಾಲ್ಕೈದು. ಮೇ ಅವರೇ ಹೆಚ್ಚಾಗಿ ನೆಚ್ಚಿಕೊಂಡಿರುವುದು ಬ್ರಿಡ್ಜಿನ ಮತ್ತು ನಡುವಿನ ಪಿಕಪ್‌ಗಳು ಒಂದೇ ಫೇಸಿನಲ್ಲಿ ಸೇರುವ ನಾದವನ್ನು. ಅದಲ್ಲದೆ ಆ ದಪ್ಪ ನಾದ ಮೇಲಿನ ಸ್ವರಾಂಶಗಳನ್ನು ಹೆಚ್ಚಿಸುವ ಟ್ರೆಬಲ್ ಬೂಸ್ಟರ್ ಮೂಲಕ ಹಾದು, ಕೆಳಗಿನ ಅಂಶ ತಗ್ಗಿ, ವಾಕ್ಸ್ ಎಸಿ30 ಆಂಪ್ಲಿಫೈಯರ್ ಸೇರುತ್ತದೆ. ಬೂಸ್ಟರ್ ಇಲ್ಲದೆ, ಬೇರೆ ಸ್ವಭಾವದ ಆಂಪ್ಲಿಫೈಯರಿಗೆ ಅದೇ ವೈರಿಂಗ್ ಜೋಡಿಸಿದರೆ ನಾದ ಮಸುಕಾಗಿ ಕೇಳಬಹುದು. ಹೀಗಾಗಿ ಆರೂ ಸ್ವಿಚ್ ಹಾಕಿಸುವ ಬದಲು, ಸಾಧಾರಣ ಐದು ಸ್ಥಾನಗಳ ಸ್ವಿಚ್ ಒಂದನ್ನಿಟ್ಟು, ವಾಲ್ಯೂಮ್ ಗುಂಡಿಯನ್ನು ಎಳೆದಾಗ ಸೀರೀಸ್, ಒತ್ತಿದಾಗ ಪ್ಯಾರಲಲ್ ಆಗುವಂತೆ ಮಾಡಿಸಿ. ಫೇಸ್ ಸ್ವಿಚ್ ಬೇಕೇ ಬೇಕಿದ್ದರೆ ನಡುವಿನ ಪಿಕಪ್ಪಿಗೆ ಒಂದು ಸಾಕು.

ಉದ್ದದ ಕೇಬಲ್ ಬಳಸುವವರಾದರೆ ಇನ್ನೊಂದು ಮಾದರಿಯನ್ನೂ ನೋಡಿ. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ ಅವರಿಗಾಗಿ ಗಿಟಾರ್ ತಯಾರಕ ಡಗ್ ಇರ್ವಿನ್ ಕಟ್ಟಿದ, 1979ರಲ್ಲಿ ಅವರ ಕೈಸೇರಿದ ಟೈಗರ್ ಗಿಟಾರಿನಲ್ಲಿ ಸಿಗ್ನಲ್ ಮೊದಲು ಬಫರ್ (ಉದ್ದದ ಕೇಬಲ್ಲಿನಲ್ಲಿ ಸಿಗ್ನಲ್ ಕುಂದದಂತೆ ಕಾಯುವ ಪುಟ್ಟ ಸರ್ಕ್ಯೂಟ್) ಸೇರಿ, ಪೂರ್ಣ ಮಟ್ಟದಲ್ಲೇ ಇಫೆಕ್ಟ್ ಪೆಡಲ್‌ಗಳಿಗೆ ಹೋಗಿ, ಅಲ್ಲಿಂದ ಗಿಟಾರಿಗೆ ಮರಳಿದ ಬಳಿಕವೇ ವಾಲ್ಯೂಮ್ ಗುಂಡಿಗೆ ಬರುತ್ತದೆ. ಹೀಗಾಗಿ ವಾಲ್ಯೂಮ್ ಇಳಿಸಿದರೂ ಪೆಡಲ್‌ಗಳ ವರ್ತನೆ ಬದಲಾಗುವುದಿಲ್ಲ. ನಿಮಗೆ ಅಷ್ಟೆಲ್ಲ ಬೇಡದಿರಬಹುದು. ಆದರೆ ಬಾಡಿಯಲ್ಲಿ 9 ವೋಲ್ಟ್ ಬ್ಯಾಟರಿಯ ಕುಳಿಯೊಂದನ್ನು ಈಗಲೇ ಕೊರೆಸಿಟ್ಟರೆ ಮುಂದೆ ಬಫರ್ ಹಾಕಿಸಲು ದಾರಿಯಿರುತ್ತದೆ.

ಉತ್ತರ 3: ಪರದೆಯ ಹಿಂದೆ

ಪ್ರವಾಸದಲ್ಲಿ ವಾದಕರ ಗಿಟಾರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನೀವು ತೂಗುವ ಟ್ರೆಮೊಲೊ ಬಗ್ಗೆ ಇನ್ನೊಮ್ಮೆ ಯೋಚಿಸಬೇಕೆಂದು ನನ್ನ ಬಲವಾದ ಸಲಹೆ.

ತಂತಿಯ ಉದ್ದ 25.5 ಇಂಚಿರುವ ಗಿಟಾರಿನಲ್ಲಿ 10ರಿಂದ 46ರ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ತಂತಿಗಳು ಸಾಮಾನ್ಯ ಶ್ರುತಿಯಲ್ಲಿದ್ದಾಗ ಒಟ್ಟು ಎಳೆತ ಸುಮಾರು 45 ಕಿಲೋಗ್ರಾಂ. ತೂಗುವ ಟ್ರೆಮೊಲೊದಲ್ಲಿ ಸ್ಪ್ರಿಂಗುಗಳು ಈ ಎಳೆತವನ್ನು ಸರಿದೂಗಿಸುವಂತೆ ಎದುರು ನಿಂತಿರುತ್ತವೆ. ಹಾಡಿನ ನಡುವೆ ಒಂದು ತಂತಿ ಕಡಿದರೆ ಆ ಸಮತೋಲ ಕೆಟ್ಟು, ಉಳಿದ ಐದೂ ತಂತಿಗಳ ಶ್ರುತಿ ಏರಿಬಿಡುತ್ತದೆ. ಆ ಹಾಡನ್ನು ಆ ಗಿಟಾರಿನಲ್ಲಿ ಮುಗಿಸುವ ಮಾತೇ ಇಲ್ಲ. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಒಂದನ್ನು ಮಾತ್ರ ಬೆಂಡ್ ಮಾಡಿದಾಗಲೂ ಇನ್ನೊಂದು ತುಸು ಇಳಿಯುತ್ತದೆ. ಫ್ಲಾಯ್ಡ್ ರೋಸ್ ಮಾದರಿಗೂ ಈ ಮಾತು ಅನ್ವಯಿಸುತ್ತದೆ. ತಂತಿಯನ್ನು ಎರಡೂ ಕಡೆ ಬಿಗಿಹಿಡಿಯುವುದರಿಂದ ಅದು ನಟ್ಟಿನ ಘರ್ಷಣೆಯನ್ನು ಬುಡಸಮೇತ ಇಲ್ಲವಾಗಿಸುತ್ತದೆ ನಿಜ, ಆದರೆ ಸಮತೋಲದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮೇಲಾಗಿ ತಂತಿ ಬದಲಿಸಲು ಅಲೆನ್ ಕೀ ಬೇಕು, ಸಮಯವೂ ಹೆಚ್ಚು ಹಿಡಿಯುತ್ತದೆ.

ಇದಕ್ಕೊಂದು ಸರಳ ಉಪಾಯವಿದೆ. ಟ್ರೆಮೊಲೊ ಬಾಡಿಯ ಮೇಲೆ ಒರಗಿ ಕೂರುವಂತೆ ಮಾಡಿಸಿ, ಸ್ಪ್ರಿಂಗುಗಳನ್ನು ತುಸು ಹೆಚ್ಚಾಗಿ ಬಿಗಿಸಿದರೆ ಶ್ರುತಿಯನ್ನು ಇಳಿಸಬಹುದು, ಏರಿಸಲಾಗದು. ತಂತಿ ಕಡಿದರೂ ಉಳಿದವು ಕದಲುವುದಿಲ್ಲ. ವ್ಯಾನ್ ಹ್ಯಾಲನ್ ತಂಡದ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲನ್ ತಮ್ಮ ಕೆಂಪು, ಬಿಳಿ, ಕಪ್ಪು ಪಟ್ಟೆಗಳ ಗಿಟಾರಿನಲ್ಲಿ ಟ್ರೆಮೊಲೊ ಬಳಿ 1971ರ ಕಾಲು ಡಾಲರ್ ನಾಣ್ಯವೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದು ಟ್ರೆಮೊಲೊ ಹಿಂದಕ್ಕೆ ಹೋಗದಂತೆ ತಡೆಯುವುದಕ್ಕೆ.

ಉಳಿದ ಭಾಗಗಳನ್ನು ಆರಿಸುವಾಗ ರಿಪೇರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ವಿಶೇಷವಾಗಿ ಕಡೆಸಿದ ರೋಲರ್ ಬ್ರಿಡ್ಜ್ ಹಾಕಿಸುವುದಾದರೆ ಅಂಥದ್ದೇ ಇನ್ನೊಂದನ್ನು ಜೊತೆಯಲ್ಲೇ ಮಾಡಿಸಿಟ್ಟುಕೊಳ್ಳಿ. ಸ್ಕ್ರೂಗಳನ್ನು ನೇರವಾಗಿ ಮರಕ್ಕೆ ತಿರುಗಿಸುವ ಬದಲು, ಆಗಾಗ ಬಿಚ್ಚುವ ಹಿಂಬದಿಯ ಮುಚ್ಚಳಕ್ಕೆ ಒಳಗೆ ತಿರುಪಿನ ಗೀರುಗಳಿರುವ ಹಿತ್ತಾಳೆಯ ಕೊಳವೆಗಳನ್ನು ಮರದಲ್ಲಿ ಕೂರಿಸಲು ಹೇಳಿ. ಟ್ಯೂನರ್‌ಗಳು ತಂತಿಯನ್ನು ಕಚ್ಚಿ ಹಿಡಿಯುವ ಲಾಕಿಂಗ್ ಮಾದರಿಯವಾಗಿರಲಿ. ಕಂಬಕ್ಕೆ ಸುತ್ತುಗಳು ಕಡಿಮೆಯಾದಷ್ಟೂ ತಂತಿ ಜಾರುವ ಅವಕಾಶ ಕಡಿಮೆ. ಭಾರದ ಬಗ್ಗೆಯೂ ಗಮನವಿರಲಿ, ಟ್ಯೂನರ್‌ಗಳಿರುವ ನೆಕ್ಕಿನ ತುದಿ (ಹೆಡ್‌ಸ್ಟಾಕ್) ತೂಕವಾದರೆ ಪಟ್ಟಿಯಲ್ಲಿ ತೂಗುಹಾಕಿದಾಗ ನೆಕ್ ಕೆಳಕ್ಕೆ ವಾಲುತ್ತದೆ.

ಮರುಪ್ರಶ್ನೆ: ವೇದಿಕೆ ವಾದಕ

ಮೂವರಿಗೂ ಕೃತಜ್ಞತೆಗಳು. ನನ್ನ ಗಿಟಾರಿನಲ್ಲಿ ತಂತಿಯ ಉದ್ದ 25.5 ಇಂಚು, ತಂತಿಗಳು 10ರಿಂದ 46. ನಾನು ಶ್ರುತಿ ಇಳಿಸುವುದನ್ನೇ ಹೆಚ್ಚಾಗಿ ಬಳಸುತ್ತೇನೆ, ಆದರೆ ನಿಧಾನ ಗತಿಯ ಹಾಡುಗಳಲ್ಲಿ ಇಡೀ ಸ್ವರಗುಚ್ಛವನ್ನು ಮೇಲಕ್ಕೂ ಕೆಳಕ್ಕೂ ಹದವಾಗಿ ಅಲುಗಿಸುವುದು ನನ್ನ ನುಡಿಸಾಣಿಕೆಯ ಭಾಗವೇ ಆಗಿದೆ, ಅದನ್ನು ಬಿಟ್ಟುಕೊಡಲಾರೆ. ಶೂನ್ಯ ಫ್ರೆಟ್, ಲಾಕಿಂಗ್ ಟ್ಯೂನರ್, ಸೀರೀಸ್-ಪ್ಯಾರಲಲ್ ಗುಂಡಿ ಇವು ಖಚಿತ. ತೂಗುವ ಟ್ರೆಮೊಲೊವನ್ನು ಬೇಕಾದಾಗ ನಿಲ್ಲಿಸುವ ವ್ಯವಸ್ಥೆ ಸಾಧ್ಯವೇ?

ಉತ್ತರ 4: ಮರ ಮತ್ತು ಉಕ್ಕು

ಸಾಧ್ಯವಿದೆ. ಹಿಂಬದಿಯ ಕುಳಿಯಲ್ಲಿ, ಟ್ರೆಮೊಲೊದ ಉಕ್ಕಿನ ಗಟ್ಟಿಗೆ ಎದುರಾಗಿ ಹೊಂದಿಸಬಹುದಾದ ಒಂದು ತಡೆಯನ್ನು ಕೂರಿಸಬಹುದು. ಅದನ್ನು ಸರಿಸಿದಾಗ ಟ್ರೆಮೊಲೊ ಎರಡೂ ಕಡೆಗೆ ತೂಗುತ್ತದೆ, ಒಳಕ್ಕೆ ತಂದಾಗ ಕೆಳಕ್ಕೆ ಮಾತ್ರ ಹೋಗುತ್ತದೆ. ಆದರೆ ತಂತಿ ಕಡಿದಾಗ ಉಪಯೋಗಕ್ಕೆ ಬರಬೇಕಿದ್ದರೆ ಅದು ಮೊದಲೇ ಒಳಗಿರಬೇಕು. ಆದ್ದರಿಂದ ಅದು ತಡೆಯೊಡ್ಡಿದ ಸ್ಥಿತಿಯಲ್ಲೇ ಇದ್ದು, ಆ ನಿಧಾನದ ಹಾಡುಗಳಿಗೆ ಮಾತ್ರ ಬಿಡಿಸುವಂತಿರಲಿ.

25.5 ಇಂಚಿಗೆ ನಾಲ್ಕು ಸ್ಪ್ರಿಂಗುಗಳಿಂದ ಆರಂಭಿಸಿ. ನಿಮ್ಮ ತಯಾರಕರಿಗೆ ಇದನ್ನು ಇಂದೇ ತಿಳಿಸುವುದು ಒಳ್ಳೆಯದು, ಏಕೆಂದರೆ ಈ ತಡೆಗೆ ಕುಳಿಯಲ್ಲಿ ಸ್ಪ್ರಿಂಗುಗಳ ನಡುವೆ ಜಾಗ ಬಿಡಬೇಕಾಗುತ್ತದೆ, ಬಣ್ಣ ಹಚ್ಚಿದ ಮೇಲೆ ಅಲ್ಲಿ ಮರ ಕೊರೆಯುವುದು ಅಪಾಯದ ಕೆಲಸ.