ಬೆಟ್ಟ, ತೋಟ ಎರಡಕ್ಕೂ ಆಗೋ ಮಿನಿ ಟ್ರ್ಯಾಕ್ಟರ್ ಯಾವ್ದು? ಅನುಭವ ಇರೋರು ಹೇಳಿ

ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ತಾಲೂಕು. ಕೆಳಗೆ ಮೂರೆಕರೆ ಅಡಿಕೆ, ಮೇಲ್ಗಡೆ ಐದೆಕರೆ ಹತ್ರ ಜಾಗ, ಅದ್ರಲ್ಲಿ ಅಕೇಶಿಯಾ, ಸಿಲ್ವರ್, ಕಾಡುಮರ, ಬಿದಿರು ಎಲ್ಲಾ ಬೆಳ್ಕೊಂಡು ಕಾಡೇ ಆಗಿದೆ. ಸೊಪ್ಪು, ದರಗು (ಒಣಗಿದ ಎಲೆ), ಗೊಬ್ಬರ, ಕಟ್ಟಿಗೆ ಹೊರೋಕೆ ಈಗ ಜನ ಸಿಗ್ತಿಲ್ಲ. ಗಾಳಿಗೆ ಬಿದ್ದ ಮರ ಎಳ್ಯೋದು, ಔಷಧಿ ಹೊಡ್ಯೋದು, ಮಳೆಗಾಲ ಮುಗಿದ್ಮೇಲೆ ದಾರಿ ಸರಿ ಮಾಡ್ಕೊಳ್ಳೋದು, ಇಷ್ಟು ಕೆಲ್ಸ ಇದೆ. 24 ಎಚ್‌ಪಿ ಸಾಕಾ, 27 ಬೇಕಾ? ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಇರೋದು) ಬೇಕೇ ಬೇಕಾ? ಕುಬೋಟಾ, ಮಹೀಂದ್ರ ಜಿವೋ ಎರಡೂ ನೋಡಿದೀನಿ, ತೀರ್ಮಾನ ಮಾಡೋಕೆ ಆಗ್ತಿಲ್ಲ. ಬಳಸ್ತಿರೋರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ಸರ್, ಎಚ್‌ಪಿ ವಿಚಾರ ಆಮೇಲೆ ನೋಡೋಣ. ಮೊದ್ಲು ಒಂದು ಟೇಪ್ ಹಿಡ್ಕೊಂಡು ಜಾಗ ಪೂರ್ತಿ ಸುತ್ತಿ. ದಣಪೆ (ಬೇಲಿ ಬಾಗಿಲು) ಎಷ್ಟಗಲ, ಮೋರಿ ಎಷ್ಟಗಲ, ಧರೆ (ಕಡಿದ ಮಣ್ಣಿನ ಗೋಡೆ) ಪಕ್ಕದ ತಿರುವಿನಲ್ಲಿ ಎಷ್ಟು ಜಾಗ ಸಿಗುತ್ತೆ, ಎಲ್ಲಿ ತುಂಬಾ ಇಕ್ಕಟ್ಟು ಅನ್ಸುತ್ತೋ ಅಲ್ಲಿದು ಬರ್ಕೊಳ್ಳಿ. ಮಿನಿ ಟ್ರ್ಯಾಕ್ಟರ್‌ಗಳೆಲ್ಲ ಮೂರೂವರೆ ನಾಲ್ಕು ಅಡಿ ಒಳಗೇ ಇರ್ತವೆ, ಟ್ರ್ಯಾಕ್ಟರ್ ಹೋಗುತ್ತೆ, ಸಿಕ್ಕಿಹಾಕ್ಕೊಳ್ಳೋದು ಟ್ರೇಲರ್. ಅದು ಟ್ರ್ಯಾಕ್ಟರ್‌ಗಿಂತ ಅಗಲ, ಜೊತೆಗೆ ತಿರುವಿನಲ್ಲಿ ಮುಂದಿನ ಚಕ್ರದ ಜಾಡಲ್ಲೇ ಬರಲ್ಲ, ಒಳಗಡೆಗೆ ಕತ್ತರಿಸ್ಕೊಂಡು ಬರುತ್ತೆ. ಒಳಗಡೆ ಧರೆ ಇದ್ರೆ ಟ್ರೇಲರ್ ಮೂಲೆ ಮಣ್ಣು ಕೆರೆಯುತ್ತೆ ಅಷ್ಟೆ, ಆದ್ರೆ ಒಳಗಡೆ ಇಳಿಜಾರು ಇದ್ರೆ ಒಂದು ಚಕ್ರ ಗಾಳೀಲಿ ನಿಂತಿರುತ್ತೆ. ಹಾಗಾಗಿ ಟ್ರೇಲರ್ ಮಾಡಿಸೋವಾಗ ಅಳತೆ ನೀವೇ ಕೊಡಿ, ರೆಡಿ ಇದ್ದಿದ್ದು ತಂದು ಕಟ್ಟಬೇಡಿ.

ಫೋರ್ ವೀಲ್ ಬೇಕೇ ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಹತ್ತೋಕೆ ಬೇಕು ಅಂತ ಎಲ್ರೂ ಹೇಳ್ತಾರೆ, ನನ್ ಪ್ರಕಾರ ಇಳಿಯೋಕೆ ಇನ್ನೂ ಜಾಸ್ತಿ ಬೇಕು. ಟ್ರ್ಯಾಕ್ಟರ್‌ಗೆ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ, ಫೋರ್ ವೀಲ್ ಹಾಕಿದ್ರೆ ಮುಂದಿನ ಎರಡೂ ಹಿಡಿತಕ್ಕೆ ಬರ್ತವೆ. ಮಿನಿ ಟ್ರ್ಯಾಕ್ಟರ್ ತೂಕ ನೋಡಿದ್ರೆ 600, 700 ಕೆಜಿ ಆಸುಪಾಸು ಅಷ್ಟೆ. ಹಸಿ ಕಟ್ಟಿಗೆ ತುಂಬಿದ ಟ್ರೇಲರ್ ಒಂದು ಟನ್ ದಾಟೋದು ಸುಲಭ. ಜಂಬಿಟ್ಟಿಗೆ ಮಣ್ಣಿನ ದಾರಿ, ಮೇಲೊಂದು ಮಳೆ ಬಿದ್ದಿದೆ ಅಂತಿಟ್ಕೊಳ್ಳಿ, ಹಿಂದಿಂದ ಅಷ್ಟು ಭಾರ ನೂಕ್ತಾ ಇದ್ರೆ ಟೂ ವೀಲ್ ಗಾಡಿ ಚಕ್ರ ನಿಂತೇ ಜಾರ್ಕೊಂಡು ಹೋಗುತ್ತೆ, ಟ್ರೇಲರ್ ಪಕ್ಕಕ್ಕೆ ಮಡಚ್ಕೊಳ್ಳುತ್ತೆ. ಅದಕ್ಕೇ ಟ್ರೇಲರ್‌ಗೂ ಬ್ರೇಕ್ ಹಾಕಿಸಿ ಅಂತ ಕೈಮುಗಿದು ಕೇಳ್ತೀನಿ, ಸಣ್ಣ ಟ್ರೇಲರ್‌ಗಳಿಗೆ ಸುಮಾರು ಕಡೆ ಹಾಕೋದೇ ಇಲ್ಲ. ಹತ್ತೋವಾಗ ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ಮಧ್ಯ ಕ್ಲಚ್ ಮುಟ್ಟಬೇಡಿ. ಎಡ ಬಲ ಎರಡು ಬ್ರೇಕ್ ಪೆಡಲ್ ಇರುತ್ತಲ್ಲ, ಅದನ್ನ ಜೋಡಿಸೋ ಕೊಂಡಿ ಹಾಕಿದೆಯಾ ಅಂತ ಮೇಲಿಂದ ಹೊರಡೋ ಮುಂಚೆ ನೋಡ್ಕೊಳ್ಳಿ. ಉಳುಮೆಗೆ ಬಿಡಿಸಿಟ್ಟಿದ್ದು ಮರೆತು ಇಳಿಜಾರಲ್ಲಿ ಒಂದೇ ಪೆಡಲ್ ಒತ್ತಿದ್ರೆ ಗಾಡಿ ಒಂದೇ ಕಡೆ ಎಳ್ಕೊಂಡು ಹೋಗುತ್ತೆ.

ಇನ್ನು ಅಡಿಕೆ ತೋಟದ ಒಳಗೆ ಟ್ರ್ಯಾಕ್ಟರ್ ತರೋ ಯೋಚ್ನೆ ಇದ್ರೆ ಬಿಟ್ಬಿಡಿ. ಹೊಸದಾಗಿ 9 ಅಡಿಗೆ ಹಾಕಿದ ತೋಟದಲ್ಲಿ ನುಗ್ಗುತ್ತೆ ನಿಜ, ಆದ್ರೆ ಅಡಿಕೆ ಬೇರು ಮೇಲ್ಮಣ್ಣಲ್ಲೇ ಹರಡಿರೋದು, ಮೇಲೆ ಗಾಡಿ ಓಡಾಡಿದ್ರೆ ಮಣ್ಣು ಗಟ್ಟಿಯಾಗುತ್ತೆ, ಬಸಿಗಾಲುವೆ ಅಂಚೂ ಕುಸಿಯುತ್ತೆ. ತೋಟದ ಒಂದು ಮಗ್ಗುಲಿಗೆ ದಾರಿ ಮಾಡಿ ಗಾಡಿ ಅಲ್ಲೇ ನಿಲ್ಲಿಸಿ. ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡ್ಯೋಕೂ ಅಷ್ಟೆ, ಟ್ರ್ಯಾಕ್ಟರ್ ಹಿಂದೆ ತಿರುಗೋ ಪಿಟಿಒ ಶಾಫ್ಟ್‌ಗೆ ಔಷಧಿ ಜೋರಾಗಿ ಚಿಮ್ಮಿಸೋ ಎಚ್‌ಟಿಪಿ ಪಂಪ್ ಕೂರ್ಸಿ ಉದ್ದ ಪೈಪ್ ಬಿಟ್ರೆ ಮೂರೆಕರೆ ದಾರಿಯಿಂದ್ಲೇ ಮುಗಿಯುತ್ತೆ. ಮಳೆ ಶುರುವಾಗೋ ಮುಂಚೆ ಹೇಗೋ ನಡಿಯುತ್ತೆ, 40, 45 ದಿನ ಬಿಟ್ಟು ಎರಡನೇ ಸಲ ಹೊಡ್ಯೋವಾಗ ನೆಲ ಕೆಸರಾಗಿರುತ್ತೆ, ಆಗ ತೋಟದೊಳಗೆ ಗಾಡಿ ಇಳಿಸೋ ಹಾಗೇ ಇಲ್ಲ. ಹೊಡೆದಾದ್ಮೇಲೆ ಪಂಪ್‌ಗೆ ಒಳ್ಳೇ ನೀರು ಬಿಟ್ಟು ತೊಳೀರಿ, ಮೈಲುತುತ್ತ ಕಬ್ಬಿಣ ತಿನ್ನುತ್ತೆ.

24 ಸಾಕಾ ಅಂದ್ರೆ, ನೀವು ಹೇಳಿದ ಕೆಲ್ಸಕ್ಕೆ ಸಾಕು. ಜಿವೋ 245 ಎರಡು ಸಿಲಿಂಡರ್, ಕುಬೋಟಾ ಬಿ2441 ಮೂರು ಸಿಲಿಂಡರ್, ಎರಡೂ 24 ಎಚ್‌ಪಿನೇ. ಕುಬೋಟಾ ಮುಂದಿನ ಆಕ್ಸಲ್ ಬೆವೆಲ್ ಗೇರ್, ಇಕ್ಕಟ್ಟಲ್ಲಿ ಚೆನ್ನಾಗಿ ತಿರುಗುತ್ತೆ, ನಡುಕ ಕಮ್ಮಿ. ಮಹೀಂದ್ರದ್ದೇ ಓಜಾ 2023ರಲ್ಲಿ ಬಂತಲ್ಲ, ಅದಕ್ಕೆ ಶಟಲ್ ಗೇರ್ (ಒಂದೇ ಲಿವರಲ್ಲಿ ಹಿಂದೆ ಮುಂದೆ ಮಾಡೋದು) ಇದೆ, 12 ಮುಂದಕ್ಕೆ 12 ಹಿಂದಕ್ಕೆ. ಮರದ ಮಧ್ಯ ಹಿಂದೆ ಮುಂದೆ ಮಾಡೋ ಕೆಲ್ಸ ಜಾಸ್ತಿ ಇದ್ರೆ ಅದನ್ನೂ ಒಂದ್ಸಲ ಓಡಿಸಿ ನೋಡಿ. ಆದ್ರೆ ಇವೆಲ್ಲಕ್ಕಿಂತ ಮುಖ್ಯ, ಆಗಸ್ಟ್ ತಿಂಗ್ಳಲ್ಲಿ ಗಾಡಿ ಬೆಟ್ಟದಲ್ಲಿ ನಿಂತೋದ್ರೆ ಮೆಕ್ಯಾನಿಕ್ ಮನೆ ತನಕ ಬರ್ತಾನಾ ಅನ್ನೋದು. ನಮ್ ನೆಂಟ್ರೊಬ್ರಿಗೆ ಒಂದು ಸೀಲ್ ಬರ್ಲಿಲ್ಲ ಅಂತ ಗಾಡಿ ಮಳೆಗಾಲ ಅರ್ಧ ಕೊಟ್ಟಿಗೇಲೇ ಇತ್ತು. ನಿಮ್ ಊರಿನ ಸುತ್ತಮುತ್ತ ಯಾರ ಮನೇಲಿ ಯಾವ್ದಿದೆ ಅಂತ ಕೇಳಿ, ಶೋರೂಮಲ್ಲಿ ಕೇಳೋದಕ್ಕಿಂತ ಅದು ಒಳ್ಳೇದು.

ಪುತ್ತೂರಿನಿಂದ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ ಮಾರಾಯ್ರೆ. ಬರೀ ಗೊಬ್ಬರ, ಸೊಪ್ಪು, ಅಡಿಕೆ ಸಾಗಿಸಲಿಕ್ಕೆ ಆದ್ರೆ ಟ್ರ್ಯಾಕ್ಟರ್ ಬೇಕು ಅಂತ ಇಲ್ಲ. ನಮ್ಮಲ್ಲಿ ತುಂಬಾ ಜನರ ಹತ್ರ ಮೋಟೋ ಕಾರ್ಟ್ (ಇಂಜಿನ್ ಇರುವ ಸಣ್ಣ ಸಾಗಾಟದ ಗಾಡಿ) ಉಂಟು, ತೋಟದ ಒಳಗೇ ಹೋಗ್ತದೆ, ಮಣ್ಣಿಗೂ ಭಾರ ಕಡಿಮೆ. ಟಿಲ್ಲರ್‌ಗೆ (ಹಿಡಿ ಹಿಡಿದು ಉಳುವ ಎರಡು ಚಕ್ರದ ಯಂತ್ರ) ಟ್ರೇಲರ್ ಕಟ್ಟಿ ಓಡಿಸುವವರೂ ಇದ್ದಾರೆ. ಆದ್ರೆ ನಿಮ್ಮದು ಇಳಿಜಾರು ಜಾಗ ಅಂದದ್ದಕ್ಕೆ ಒಂದು ವಿಷಯ ಹೇಳಲೇಬೇಕು. ಸಮತಟ್ಟಲ್ಲಿ ಎಡಗೈ ಕ್ಲಚ್ ಹಿಡಿದ್ರೆ ಟಿಲ್ಲರ್ ಎಡಕ್ಕೆ ತಿರುಗ್ತದಲ್ಲ, ಲೋಡ್ ಹಾಕಿ ಕೆಳಗೆ ಇಳಿಯುವಾಗ ಅದೇ ಕ್ಲಚ್ ಹಿಡಿದ್ರೆ ಬಲಕ್ಕೆ ಹೋಗ್ತದೆ. ಯಾಕೆಂದ್ರೆ ಇಳಿಯುವಾಗ ಇಂಜಿನ್ ಎಳೆಯುವುದಿಲ್ಲ, ತಡೀತಾ ಇರ್ತದೆ, ಕ್ಲಚ್ ಹಿಡಿದ ಕಡೆಯ ಚಕ್ರಕ್ಕೆ ಆ ತಡೆ ತಪ್ಪಿ ಅದು ಬೇಗ ಓಡ್ತದೆ. ಹೊಸ ಡ್ರೈವರಿಗೆ ಇದು ಗೊತ್ತಿರುವುದಿಲ್ಲ, ಹೆದರಿ ಇನ್ನೂ ಗಟ್ಟಿ ಹಿಡೀತಾನೆ. ಬೆಟ್ಟದ ದಾರಿಗೆ ಟಿಲ್ಲರ್ ನಾನು ಹೇಳುವುದಿಲ್ಲ. ನಿಮಗೆ ಮರ ಎಳೆಯುವ ಕೆಲಸ ಇರುವುದರಿಂದ ಟ್ರ್ಯಾಕ್ಟರೇ ಸರಿ, ತೋಟದ ಒಳಗೆ ಬೇಕಾದ್ರೆ ಮುಂದೆ ಒಂದು ಕಾರ್ಟ್ ತಗೊಳ್ಳಿ.

ಮೂಡಿಗೆರೆಯಿಂದ:

ಕಾಫಿ ತೋಟದಲ್ಲಿ ಮಿನಿ ಟ್ರ್ಯಾಕ್ಟರ್ ಓಡಿಸ್ತಾ ಇದೀನಿ, ಮರ ಎಳ್ಯೋದರ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೀತಿದೀನಿ. ಚೈನ್ ಕಟ್ಟೋದು ಹಿಂದೆ ಕೆಳಗಿರೋ ಎಳೆಯೋ ಕಂಬಿ, ಡ್ರಾಬಾರ್‌ಗೆ ಮಾತ್ರ. ಅದರ ಮೇಲ್ಗಡೆ ಇರೋ ಟಾಪ್ ಲಿಂಕ್‌ಗೋ, ಸೀಟ್ ಹಿಂದಿನ ಕಂಬಿಗೋ ಯಾವ ಕಾರಣಕ್ಕೂ ಕಟ್ಟಬೇಡಿ. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿ ಎಳೆದಾಗ ದಿಮ್ಮಿ ಯಾವ್ದಾದ್ರೂ ಬುಡಕ್ಕೆ ಸಿಕ್ಕಿಹಾಕ್ಕೊಂಡ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತೆ, ಕ್ಲಚ್ ಒತ್ತೋಷ್ಟು ಸಮಯ ಸಿಗಲ್ಲ. ಸಣ್ಣ ಗಾಡಿಗೆ ಮುಂದೆ ವೆಯ್ಟ್ ಹಾಕಿಸಲೇಬೇಕು. ಮಗುಚಿದ್ರೂ ತಲೆ ಉಳಿಸೋ ಕಮಾನು ಬರುತ್ತಲ್ಲ, ರೋಪ್ಸ್, ಅದಿರೋ ಮಾಡೆಲ್ಲೇ ತಗೊಳ್ಳಿ, ಕೊಂಬೆ ತಾಗುತ್ತೆ ಅಂತ ಮಡಚಿದ್ರೆ ಇಳಿಜಾರಿಗೆ ಬಂದಾಗ ಮತ್ತೆ ಎತ್ತಿ ಬೆಲ್ಟ್ ಹಾಕ್ಕೊಳ್ಳಿ. ಅಡ್ಡ ಇಳಿಜಾರಲ್ಲಿ ಓಡಿಸಬೇಡಿ, ಕಿರಿದಾದ ಗಾಡಿ ಬೇಗ ವಾಲುತ್ತೆ, ನೆಟ್ಟಗೆ ಹತ್ತಿ ನೆಟ್ಟಗೆ ಇಳೀರಿ.

ಕಾಡು ಜಾಗದಲ್ಲಿ ಇನ್ನೊಂದು ತೊಂದ್ರೆ ಕುಳೆ. ಲಂಟಾನ, ಬಿದಿರು, ಕಾಡುಗಿಡ ಕತ್ತೀಲಿ ಓರೆಯಾಗಿ ಕಡಿದ್ರೆ ಉಳಿಯೋ ಮೋಟು ಭರ್ಜಿ ಥರಾ ನಿಂತಿರುತ್ತೆ, ಟೈರಿನ ಪಕ್ಕದ ಗೋಡೆಗೆ ಚುಚ್ಚಿದ್ರೆ ಪಂಕ್ಚರ್ ಹಾಕಿದ್ರೂ ನಿಲ್ಲಲ್ಲ. ದಾರಿ ಬಿಡಿಸೋವಾಗ ನೆಲಕ್ಕೆ ಸಮ ಕಡಿಸಿ. ಗಾಡಿ ಹೊಟ್ಟೆ ಕೆಳಗೆ ಆಯಿಲ್ ಫಿಲ್ಟರ್, ಡೀಸೆಲ್ ಪೈಪ್ ಬಯಲಾಗಿರೋ ಕಡೆ ವೆಲ್ಡಿಂಗ್‌ನೋರ ಹತ್ರ ಒಂದು ತಗಡು ಹಾಕಿಸ್ಕೊಳ್ಳಿ, ತೆಗೆದು ಹಾಕೋ ಹಾಗಿರ್ಲಿ. ಸೈಲೆನ್ಸರ್ ಮೇಲ್ಮುಖ ಇದ್ರೆ ಕೊಂಬೆಗೆ ಸಿಗುತ್ತೆ, ಕೆಳಮುಖ ಇದ್ರೆ ಮಾರ್ಚ್ ಏಪ್ರಿಲ್‌ನಲ್ಲಿ ದರಗಿನ ಮೇಲೆ ನಿಲ್ಲಿಸಬಾರ್ದು, ಬೆಂಕಿ ಹತ್ತುತ್ತೆ. ರೇಡಿಯೇಟರ್ ಜಾಲರಿ ದಿನಾ ಬಿಚ್ಚಿ ಕಸ ತೆಗೀರಿ.

ಕೇಳಿದವರು:

ತುಂಬಾ ಥ್ಯಾಂಕ್ಸ್, ಇಷ್ಟು ವಿವರ ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹಳೇ 35 ಎಚ್‌ಪಿ ಟೂ ವೀಲ್ ಒಂದು ಕಮ್ಮಿ ರೇಟಿಗೆ ಸಿಗ್ತಿದೆ, ಅದು ಹೇಗೆ? ಸಬ್ಸಿಡಿ ಬಗ್ಗೆನೂ ಗೊತ್ತಿದ್ರೆ ಹೇಳಿ.

ತೀರ್ಥಹಳ್ಳಿ ಕಡೆಯಿಂದ:

ಗದ್ದೆ ಇದ್ದಿದ್ರೆ ತಗೊಳ್ಳಿ ಅಂತಿದ್ದೆ. ನಿಮ್ ಜಾಗಕ್ಕೆ ಅದು ಅಗಲವೂ ಜಾಸ್ತಿ, ಇಳಿಜಾರಲ್ಲಿ ಅದರ ಭಾರವೇ ಕಷ್ಟ. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರಕ್ಕೂ ತೋಟಗಾರಿಕೆ ಇಲಾಖೆಗೂ ಎರಡೂ ಕಡೆ ಹೋಗಿ ಕೇಳಿ, ಅರ್ಜಿ ಮಂಜೂರಾಗೋ ತನಕ ಶೋರೂಮಿಗೆ ದುಡ್ಡು ಕಟ್ಟಬೇಡಿ, ಮೊದ್ಲೇ ಬಿಲ್ ಆಗಿದ್ರೆ ಸಿಗೋದು ಕಷ್ಟ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಜಿಎಸ್‌ಟಿ 12 ಇದ್ದಿದ್ದು 5 ಪರ್ಸೆಂಟ್ ಆಗಿದೆ, ಯಾರಾದ್ರೂ ಹಳೇ ರೇಟ್ ಹೇಳಿದ್ರೆ ಬಿಲ್ ಬಿಡಿಸಿ ತೋರ್ಸೋಕೆ ಹೇಳಿ. ಕಾಡುಮರ ಹೊರಗೆ ಸಾಗಿಸೋದಾದ್ರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಲೋಡ್ ಮಾಡಿ, ಗಾಡಿ ಸಮೇತ ಹಿಡಿದ್ರೆ ಬಿಡಿಸ್ಕೊಳ್ಳೋದು ದೊಡ್ಡ ತಲೆನೋವು.

ಡೆಮೋ ಕೊಡ್ತೀವಿ ಅಂದ್ರೆ ಶೋರೂಮ್ ಅಂಗಳದಲ್ಲಿ ಬೇಡ, ನಿಮ್ ಬೆಟ್ಟಕ್ಕೇ ತರಿಸಿ. ಪಕ್ಕದ ಮನೆ ಟ್ರೇಲರ್ ಕೇಳಿ ಕಟ್ಟಿ, ಅರ್ಧ ಲೋಡ್ ಕಟ್ಟಿಗೆ ಹಾಕಿ, ನಿಮ್ ಟೇಪಿಗೆ ಅತೀ ಕಡಿಮೆ ಸಿಕ್ಕ ತಿರುವಿದೆಯಲ್ಲ, ಅಲ್ಲಿ ಇಳಿಸೋಕೆ ಹೇಳಿ. ಸೀಟಲ್ಲಿ ಅವರೇ ಕೂತಿರ್ಲಿ, ನೀವು ಮೇಲ್ಗಡೆ ನಿಂತು ಟ್ರೇಲರ್ ಒಳಗಿನ ಚಕ್ರ ಎಲ್ಲಿ ಹೋಗುತ್ತೆ ಅಂತ ನೋಡ್ತಾ ಇರಿ.