ಅತ್ತೆಯ ಯೂರಿನ್ ರಿಪೋರ್ಟ್‌ನಲ್ಲಿ ಪಸ್ ಸೆಲ್ಸ್ 8-10: ಇದು ಇನ್ಫೆಕ್ಷನ್ನಾ?

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಡಾಕ್ಟ್ರೇ. ಅತ್ತೆಗೆ 64 ವರ್ಷ, ಶುಗರ್ ಇದೆ. ವರ್ಷದ ಚೆಕಪ್‌ಗೆ ಯೂರಿನ್ ಕೊಟ್ಟಿದ್ದೆವು. ಪಸ್ ಸೆಲ್ಸ್ 8-10, ಎಪಿಥೀಲಿಯಲ್ ಸೆಲ್ಸ್ ಜಾಸ್ತಿ, ನೈಟ್ರೈಟ್ ನೆಗೆಟಿವ್, ಶುಗರ್ ನಾಲ್ಕು ಪ್ಲಸ್ ಬಂದಿದೆ. ಉರಿ, ಜ್ವರ ಏನೂ ಇಲ್ಲ. ಮನೆಯಲ್ಲಿ ಹಳೇ ಆಂಟಿಬಯೋಟಿಕ್ ಉಳಿದಿದೆ. ಅದನ್ನೇ ಕೊಡಬಹುದಾ?

ಉತ್ತರ (ಪ್ಯಾಥಾಲಜಿಸ್ಟ್, ಠಾಣೆ): ದಯವಿಟ್ಟು ಬೇಡ. ಸ್ಯಾಂಪಲ್ ಎಷ್ಟು ಗಂಟೆಗೆ ಹಿಡಿದಿರಿ? ಲ್ಯಾಬಿಗೆ ಯಾವಾಗ ಮುಟ್ಟಿತು?

ಪ್ರಶ್ನೆ: ಬೆಳಿಗ್ಗೆ 6ಕ್ಕೆ ಹಿಡಿದದ್ದು. ನಮ್ಮವರು ಬ್ಯಾಗಿನಲ್ಲಿಟ್ಟುಕೊಂಡು ಲೋಕಲ್‌ನಲ್ಲಿ ಹೋಗಿ, ದಾದರ್‌ನ ಲ್ಯಾಬಿಗೆ 10 ಗಂಟೆಗೆ ಕೊಟ್ಟರು.

ಉತ್ತರ: ಹಾಗಾದ್ರೆ ಈ ರಿಪೋರ್ಟನ್ನು ಪೂರ್ತಿ ನಂಬಬೇಡಿ. ಈ ಸೆಖೆಯಲ್ಲಿ ನಾಲ್ಕು ಗಂಟೆ ಇಟ್ಟರೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆಯುತ್ತೆ. ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲಾಂದ್ರೆ ಫ್ರಿಜ್‌ನಲ್ಲಿಡಬೇಕು. ಪಸ್ ಸೆಲ್ಸ್, ಅಂದ್ರೆ ಬಿಳಿ ರಕ್ತಕಣಗಳು, ಸಾಮಾನ್ಯವಾಗಿ 5ರೊಳಗಿರಬೇಕು, ನಿಜ. ಆದರೆ ಎಪಿಥೀಲಿಯಲ್ ಸೆಲ್ಸ್ ಜಾಸ್ತಿ ಅಂದ್ರೆ ಹೆಚ್ಚಾಗಿ ಹೊರಗಿನ ಚರ್ಮದ್ದು ಸೇರಿಕೊಂಡಿದೆ ಅಂತ ಅರ್ಥ. ಅದರ ಜೊತೆ ಪಸ್ ಸೆಲ್ಸ್ ಕೂಡ ಬಂದಿರಬಹುದು.

ಇನ್ನೊಮ್ಮೆ ಮಾಡಿಸಿ. ಬರೀ ನೀರಿನಿಂದ ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಲ್ಯಾಬಿನ ಡಬ್ಬಿಯಲ್ಲೇ ಹಿಡಿಯಲಿ. ಮುಚ್ಚಳದ ಒಳಭಾಗ ಮುಟ್ಟಬಾರದು. ಮನೆ ಹತ್ತಿರದ ಲ್ಯಾಬಿಗೇ ಕೊಡಿ.

ನೈಟ್ರೈಟ್ ನೆಗೆಟಿವ್ ಅಂತ ನಿಶ್ಚಿಂತೆಯಾಗಿರಬೇಡಿ. ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡೋದೇ ಇಲ್ಲ. ಮಾಡುವವಕ್ಕೂ ಮೂತ್ರ ಸುಮಾರು ನಾಲ್ಕು ಗಂಟೆ ಹೊಟ್ಟೆಯೊಳಗಿನ ಮೂತ್ರಚೀಲದಲ್ಲಿ ನಿಂತಿರಬೇಕು. ಉರಿ, ಜ್ವರ, ಸೊಂಟನೋವು ಅಥವಾ ಇದ್ದಕ್ಕಿದ್ದಂತೆ ಗೊಂದಲದ ಮಾತು ಕಂಡರೆ ಕೂಡಲೇ ಡಾಕ್ಟರಿಗೆ ತೋರಿಸಿ. ಆಗ ಕಲ್ಚರ್, ಅಂದ್ರೆ ಮೂತ್ರದ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್ ಬೇಕಾಗುತ್ತೆ, ಒಂದೆರಡು ದಿನ ಹಿಡಿಯುತ್ತೆ. ಅದಕ್ಕೂ ಮುಂಚೆ ಆಂಟಿಬಯೋಟಿಕ್ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಹೋಗಬಹುದು. ಅದಕ್ಕೇ ಆ ಹಳೇ ಮಾತ್ರೆ ಬೇಡ ಅಂದದ್ದು.

ಪ್ರಶ್ನೆ: ಶುಗರ್ ನಾಲ್ಕು ಪ್ಲಸ್ ನೋಡಿ ಅತ್ತೆ ನಿನ್ನೆಯಿಂದ ಊಟವನ್ನೇ ಕಡಿಮೆ ಮಾಡಿದ್ದಾರೆ. ಖಾಲಿ ಹೊಟ್ಟೆಯ ರಕ್ತದ ಶುಗರ್ 118 ಮಾತ್ರ. ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೋತಾರೆ.

ಉತ್ತರ: ಅಯ್ಯೋ, ಊಟ ಬಿಡಬಾರದು ಅಂತ ಹೇಳಿ. ಆ ಮಾತ್ರೆಯ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕೋದು. ಅದಿಲ್ಲದಿದ್ದರೆ ರಕ್ತದ ಶುಗರ್ ಸುಮಾರು 180 ದಾಟಿದ ಮೇಲೇ ಮೂತ್ರಕ್ಕೆ ಇಳಿಯೋದು. ಈ ಮಾತ್ರೆ ತಗೊಂಡು ಊಟ ಬಿಟ್ಟರೆ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರುವ ಅಪಾಯ ಇದೆ. ಹಾಗಂತ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅವರ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮೂತ್ರದ ಜಾಗದಲ್ಲಿ ತುರಿಕೆ ಇದ್ದರೂ ಸಂಕೋಚ ಬಿಟ್ಟು ಹೇಳಲಿ, ಈ ಮಾತ್ರೆಯಿಂದ ಫಂಗಸ್ ಆಗೋದುಂಟು.

ಮತ್ತೆ ಸ್ಯಾಂಪಲ್ ಕೊಡುವಾಗ ಆಲ್ಬುಮಿನ್-ಕ್ರಿಯಾಟಿನಿನ್ ರೇಶಿಯೋ, ಅಂದ್ರೆ ಮೂತ್ರಕ್ಕೆ ಸೋರುವ ಪ್ರೋಟೀನ್ ಅಳೆಯುವ ಟೆಸ್ಟ್ ಕೂಡ ಬರೆಸಿ. ಶುಗರ್ ಇರುವವರಿಗೆ ವರ್ಷಕ್ಕೊಮ್ಮೆ ಬೇಕೇ ಬೇಕು. 30 mg/gಗಿಂತ ಕೆಳಗಿದ್ದರೆ ಒಳ್ಳೆಯದು. ಕಿಡ್ನಿಗೆ ಪೆಟ್ಟು ಬೀಳೋದು ಹೆಚ್ಚಾಗಿ ಅದರಲ್ಲೇ ಮೊದಲು ಕಾಣೋದು, ಅದೂ ಮೈಗೆ ಏನಾದರೂ ಗೊತ್ತಾಗುವುದಕ್ಕಿಂತ ಎಷ್ಟೋ ಮುಂಚೆ.

ಪ್ರಶ್ನೆ: ಆಯ್ತು ಡಾಕ್ಟ್ರೇ. ನಾಳೆ ಇಲ್ಲೇ ಸ್ಟೇಷನ್ ಹತ್ತಿರದ ಲ್ಯಾಬಿಗೆ ಕೊಡ್ತೀವಿ.